ಟ್ವಿನ್ ಪೀಕ್ಸ್ ಎರಡನೇ ಸೀಸನ್‌ನ ನಡುವಿನ ಕಂತುಗಳು ನಿಜಕ್ಕೂ ಅಷ್ಟು ಕೆಟ್ಟದಾಗಿವೆಯೇ? ಬಿಟ್ಟು ಮುಂದೆ ಹೋಗಬಹುದೇ?

ಟ್ವಿನ್ ಪೀಕ್ಸ್ ಎಂಬ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ಲಾರಾ ಪಾಮರ್ ಎಂಬ ಹುಡುಗಿಯನ್ನು ಕೊಂದವರು ಯಾರೆಂದು ಗೊತ್ತಾದ ಮೇಲೆ ಬೇರೆಯದೇ ಧಾರಾವಾಹಿ ನೋಡಿದ ಹಾಗಾಗುತ್ತಿದೆ, ಅಭಿಮಾನಿಗಳಲ್ಲಿ ಕೆಲವರು ಬಿಟ್ಟುಬಿಡಿ ಅಂತಾರೆ, ಕೆಲವರು ಒಂದು ನಿಮಿಷವನ್ನೂ ಬಿಡಬೇಡಿ ಅಂತಾರೆ, ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಸೊರಗಿರುವುದು ಆರು ಕಂತು, 17ರಿಂದ 22. ಆ ಆರನ್ನೂ ಇಡಿಯಾಗಿ ಹಾರಿಸಿದರೆ ಕೊನೆಯ ಕಂತು ಅರ್ಥವಾಗುವುದಿಲ್ಲ. ಇಡಿಯಾಗಿ ನೋಡಿದರೆ ಧಾರಾವಾಹಿಯ ಮೇಲೆಯೇ ಬೇಸರ ಬರುತ್ತದೆ. ಆರಿಸಿ ನೋಡಬೇಕು. ಈ ಉತ್ತರವನ್ನು ಇನ್ನೂ ನೋಡದವರೂ ಓದಬಹುದು, ಕೊಲೆಗಾರರ ಹೆಸರನ್ನು ಎಲ್ಲೂ ಹೇಳಿಲ್ಲ.

ಮೊದಲು ಲೆಕ್ಕ ಸರಿಮಾಡಿಕೊಳ್ಳಿ, ಅರ್ಧ ಗೊಂದಲ ಇಲ್ಲೇ ಹುಟ್ಟುವುದು. ಹಳೆಯ ಅಭಿಮಾನಿಗಳು ಪೈಲಟ್ (ಮೊಟ್ಟಮೊದಲ ಕಂತು) ಬಿಟ್ಟು 1ರಿಂದ 29ರವರೆಗೆ ಎಣಿಸುತ್ತಾರೆ. ಸ್ಟ್ರೀಮಿಂಗ್‌ನಲ್ಲಿ ಎರಡನೇ ಸೀಸನ್ ಮತ್ತೆ 1ರಿಂದ ಶುರು. ಹಳೆಯ ಸಂಖ್ಯೆಯಿಂದ 7 ಕಳೆದರೆ ನಿಮ್ಮ ಪರದೆಯ ಮೇಲಿನ ಸಂಖ್ಯೆ ಸಿಗುತ್ತದೆ: 17 ಅಂದರೆ ಎರಡನೇ ಸೀಸನ್‌ನ 10ನೆಯದು, 22 ಅಂದರೆ 15ನೆಯದು. ಇಲ್ಲಿ ಹಳೆಯ ಸಂಖ್ಯೆಯನ್ನೇ ಬಳಸಿದ್ದೇನೆ.

ಈಗ ಜಗಳದ ವಿಷಯ. ಒಂದು ಗುಂಪಿನ ವಾದ: ಎಬಿಸಿ ವಾಹಿನಿ ಒತ್ತಡ ಹಾಕಿ ರಹಸ್ಯ ಬಿಡಿಸಿತು, ಅಲ್ಲಿಗೆ ಕಥೆ ಸತ್ತಿತು. ಧಾರಾವಾಹಿಯನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಡೇವಿಡ್ ಲಿಂಚ್ ಸ್ವತಃ ಇದನ್ನು ಚಿನ್ನದ ಮೊಟ್ಟೆಯಿಡುವ ಬಾತುಕೋಳಿಯನ್ನು ಕೊಂದದ್ದಕ್ಕೆ ಹೋಲಿಸಿದ್ದಾರೆ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ರಹಸ್ಯ ಬಿಚ್ಚುವ 14ನೇ ಕಂತು (1990ರ ನವೆಂಬರ್ 10) ಇಡೀ ಧಾರಾವಾಹಿಯಲ್ಲೇ ಅತ್ಯುತ್ತಮವಾದ ಎರಡು ಮೂರರಲ್ಲಿ ಒಂದು. 16ನೆಯದು ಆ ಕಥೆಗೆ ಕೊಟ್ಟ ಮುಕ್ತಾಯವೂ ಗಟ್ಟಿ. ಉತ್ತರ ಕೊಟ್ಟದ್ದು ತಪ್ಪಲ್ಲ. ಉತ್ತರ ಕೊಡುವ ಹೊತ್ತಿಗೆ ಮುಂದಿನ ಪ್ರಶ್ನೆ ತಯಾರಿರಲಿಲ್ಲ, ತಪ್ಪು ಅಲ್ಲಿದೆ.

ದಿನಾಂಕ ನೋಡಿ. ಕಥಾನಾಯಕ, ಎಫ್‌ಬಿಐ ಪತ್ತೇದಾರ ಕೂಪರ್‌ಗೆ ಎದುರಾಗುವ ಹೊಸ ವೈರಿ ವಿಂಡಮ್ ಅರ್ಲ್‌ನ ಸುದ್ದಿ 9ನೇ ಕಂತಿನಲ್ಲೇ ಸಹೋದ್ಯೋಗಿ ಆಲ್ಬರ್ಟ್ ಬಾಯಲ್ಲಿ ಬರುತ್ತದೆ. ಆದರೆ ಅವನು ಮುಖ ತೋರಿಸುವುದು 21ನೆಯದರ ಕೊನೆಯಲ್ಲಿ. 16ನೆಯದು ಪ್ರಸಾರವಾದದ್ದು ಡಿಸೆಂಬರ್ 1, 21ನೆಯದು 1991ರ ಫೆಬ್ರವರಿ 2. ಪತ್ತೇದಾರಿ ಕಥೆಯೊಂದು ಎರಡು ತಿಂಗಳು ಕೊಲೆಗಾರನೂ ಇಲ್ಲದೆ ಎದುರಾಳಿಯೂ ಇಲ್ಲದೆ ನಡೆದಿದೆ! ಅದೂ ಶನಿವಾರ ರಾತ್ರಿ ಹತ್ತಕ್ಕೆ, ಇದನ್ನು ಇಷ್ಟಪಡುತ್ತಿದ್ದ ವಯಸ್ಸಿನವರು ಮನೆಯಲ್ಲಿರದ ಹೊತ್ತಿನಲ್ಲಿ. ಪೈಲಟ್ ನೋಡಿದವರು ಸುಮಾರು 3.4 ಕೋಟಿ ಜನ; ಫೆಬ್ರವರಿಯಲ್ಲಿ ವಾಹಿನಿ ಧಾರಾವಾಹಿಯನ್ನೇ ನಿಲ್ಲಿಸಿಟ್ಟಿತು. ಅಭಿಮಾನಿಗಳು ಪತ್ರ ಬರೆದು ಗಲಾಟೆ ಮಾಡಿದ ಮೇಲೆ ಮಾರ್ಚ್ ಕೊನೆಗೆ ಗುರುವಾರಕ್ಕೆ ತಂದರು.

ಎರಡನೆಯ ಕಾರಣ ಇನ್ನೂ ಮುಖ್ಯ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಮೊದಲ ಹದಿನಾರು ಕಂತುಗಳಲ್ಲೂ ಉಪಕಥೆಗಳೇನು ಕಡಿಮೆಯಿಲ್ಲ: ಗರಗಸದ ಕಾರ್ಖಾನೆಯ ಬೆಂಕಿ, ಹೋಟೆಲ್ ಮಾಲೀಕ ಬೆನ್ ಹಾರ್ನ್‌ನ ಜಮೀನು ವ್ಯವಹಾರ, ಲಿಯೋನ ಮಾದಕವಸ್ತು ಸಾಗಾಟ. ಆಗ ಬೇಸರ ಬಾರದಿದ್ದದ್ದು ಏಕೆಂದರೆ, ಅಲ್ಲಿದ್ದ ಹೆಚ್ಚಿನವರೆಲ್ಲ ಲಾರಾಳಿಂದ ಏನನ್ನೋ ಪಡೆದವರು, ಇಲ್ಲವೇ ಏನನ್ನೋ ಮುಚ್ಚಿಟ್ಟವರು. ಎಲ್ಲ ಹಸುಗಳೂ ಒಂದೇ ಗೂಟಕ್ಕೆ ಕಟ್ಟಿದ್ದವು. ಗೂಟ ಕಿತ್ತಾಗ ಒಂದೊಂದು ಒಂದೊಂದು ದಿಕ್ಕಿಗೆ ಹೋಯಿತು. ಲಾರಾಳ ಗೆಳೆಯ ಜೇಮ್ಸ್ ಬೈಕ್ ಹತ್ತಿ ಊರನ್ನೇ ಬಿಟ್ಟ. ಶ್ರೀಮಂತನೊಬ್ಬನ ಹೆಂಡತಿ ಎವೆಲಿನ್‌ಳ ಕಾರು ರಿಪೇರಿ ಮಾಡುತ್ತಾ ಐದು ಕಂತು ಕಳೆದ. ಆ ಕಥೆಗೂ ಊರಿಗೂ ಸಂಬಂಧವಿಲ್ಲ, ಕಾಡಿಗೂ ಸಂಬಂಧವಿಲ್ಲ. ಊರಿನ ಹೆಸರೇ ಹೊತ್ತ ಧಾರಾವಾಹಿಯಲ್ಲಿ ಊರಾಚೆಯ ಕಥೆ ನಿಲ್ಲುವುದಾದರೂ ಹೇಗೆ?

ಮೂರನೆಯದು ತೆರೆಯ ಹಿಂದಿನ ಮಾತು. ಕೂಪರ್ ಮತ್ತು ಬೆನ್ ಹಾರ್ನ್‌ನ ಮಗಳು ಆಡ್ರಿ ನಡುವೆ ಪ್ರೇಮ ಬೆಳೆಸುವ ಯೋಜನೆಯಿತ್ತು. ಶಾಲೆಗೆ ಹೋಗುವ ಹುಡುಗಿಯೊಂದಿಗೆ ಕೂಪರ್ ಹಾಗೆ ಮಾಡುವವನಲ್ಲ ಎಂದು ಆ ಪಾತ್ರ ಮಾಡಿದ ಕೈಲ್ ಮ್ಯಾಕ್ಲಾಕ್ಲನ್ ಒಪ್ಪಲಿಲ್ಲ. ಮಾತು ಸರಿಯೇ, ಆದರೆ ಬರಹಗಾರರ ಕೈಯಲ್ಲಿದ್ದ ದೊಡ್ಡ ಎಳೆ ಹೋಯಿತು. ಹಾಗಾಗಿಯೇ 23ರಲ್ಲಿ ಆಡ್ರಿಗೆಂದು ಜಾನ್ ಜಸ್ಟಿಸ್ ವೀಲರ್, 24ರಲ್ಲಿ ಕೂಪರ್‌ಗೆಂದು ಆನಿ ದಿಢೀರನೆ ಬರುತ್ತಾರೆ. ಆನಿ ಪಾತ್ರ ತೆಳುವೆನ್ನಿಸಿದರೆ ಅದು ನಟಿಯ ದೋಷವಲ್ಲ; ಬೇರೆಯವಳಿಗೆ ಹೊಲಿದ ಬಟ್ಟೆಯನ್ನು ತೊಡಿಸಿದ್ದಾರೆ.

‘ಲಿಂಚ್ ಇಲ್ಲ, ಬೇರೆ ನಿರ್ದೇಶಕರು ಹಾಳುಮಾಡಿದರು’ ಎಂಬ ಮಾತನ್ನು ಮಾತ್ರ ನಂಬಬೇಡಿ. 17ನೆಯದನ್ನು ಮಾಡಿದ ಟೀನಾ ರಾತ್‌ಬೋರ್ನ್ ಅವರೇ ಲಾರಾಳ ಅಂತ್ಯಕ್ರಿಯೆ ಇರುವ 3ನೆಯದನ್ನೂ ಮಾಡಿದ್ದು. 19ನೆಯದನ್ನು ಮಾಡಿದ ಕೇಲೆಬ್ ಡೆಶನೆಲ್ ಅವರೇ 6 ಮತ್ತು 15ನ್ನೂ ಮಾಡಿದ್ದು. ಕೈ ಅದೇ, ಕೊಟ್ಟ ಬರಹ ಬೇರೆ.

ಇನ್ನು ನೋಡುವ ಕ್ರಮ. 17ನ್ನು ಪೂರ್ತಿ ನೋಡಿ; ಕೊನೆಯಲ್ಲಿ ಕಾಡಿನಲ್ಲಿ ಮೇಜರ್ ಬ್ರಿಗ್ಸ್‌ಗೆ ಆಗುವುದು ಮುಂದೆ ಬೇಕಾಗುತ್ತದೆ. 18ರಲ್ಲಿ ಪೊಲೀಸ್ ಅಧಿಕಾರಿ ಹಾಕ್ ವೈಟ್ ಲಾಡ್ಜ್, ಬ್ಲ್ಯಾಕ್ ಲಾಡ್ಜ್ ಎಂಬ ನಿಗೂಢ ಲೋಕಗಳ ಬಗ್ಗೆ ಹೇಳುವ ಮಾತಿದೆ, ಇಡೀ ಆರು ಕಂತುಗಳಲ್ಲಿ ಅದೊಂದನ್ನು ತಪ್ಪಿಸಬಾರದು. ಡೇವಿಡ್ ಡುಕೊವ್ನಿ ಮಾಡಿದ ಡೆನಿಸ್ ಪಾತ್ರ ಬರುವುದೂ ಇಲ್ಲೇ. 19ರ ಕೊನೆಗೆ ಬ್ರಿಗ್ಸ್ ಮರಳುವುದು, 20ರಲ್ಲಿ ಅವರ ಹೇಳಿಕೆ ಮತ್ತು ಕೊನೆಯ ಚದುರಂಗದ ಹಲಗೆ, 21ರಲ್ಲಿ ಅರ್ಲ್ ಬಗ್ಗೆ ಕೂಪರ್ ಊರಿನ ಶೆರಿಫ್ ಟ್ರೂಮನ್‌ಗೆ ಹೇಳುವ ಹಳೆಯ ಕಥೆ: ಇಷ್ಟು ಸಾಕು. ಜೇಮ್ಸ್ ಮತ್ತು ಎವೆಲಿನ್, ಡಿಕ್ ಮತ್ತು ಆಂಡಿಯ ಜೊತೆಗಿರುವ ನಿಕಿ ಎಂಬ ಹುಡುಗ, ಮಿಲ್‌ಫರ್ಡ್ ಮದುವೆ ಬಂದಾಗ ಧೈರ್ಯವಾಗಿ ಮುಂದಕ್ಕೆ ಓಡಿಸಿ. ನಡೀನ್ ಹೈಸ್ಕೂಲ್ ದೃಶ್ಯಗಳು ನಿಮ್ಮ ನಗುವಿನ ಮೇಲೆ ಬಿಟ್ಟದ್ದು.

ಬೆನ್ ಹಾರ್ನ್ ತನ್ನನ್ನು ಅಮೆರಿಕದ ಅಂತರ್ಯುದ್ಧದ ಜನರಲ್ ಲೀ ಎಂದುಕೊಳ್ಳುವ ಕಥೆಯನ್ನು ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ತೀರಾ ಎಳೆದಿದ್ದಾರೆ ನಿಜ, ಆದರೆ ಅದು ಮುಗಿದ ಮೇಲೆ ಒಳ್ಳೆಯವನಾಗಲು ಹೊರಡುವ ಬೆನ್ ಕೊನೆಯ ಕಂತಿಗೆ ಬೇಕು. 22ರಲ್ಲಿ ಅದು ಮುಗಿಯುವ ದೃಶ್ಯವೊಂದನ್ನು ನೋಡಿ. ಉಳಿದಂತೆ ಡಯಾನ್ ಕೀಟನ್ ನಿರ್ದೇಶಿಸಿದ ಆ ಕಂತೇ ಎಲ್ಲಕ್ಕಿಂತ ದುರ್ಬಲ.

23ರಿಂದ ಓಡಿಸುವುದು ನಿಲ್ಲಿಸಿ. ಗರಗಸದ ಕಾರ್ಖಾನೆಯ ಒಡತಿ ಜೋಸಿಯ ಕಥೆ ಅಲ್ಲಿ ಮುಗಿಯುತ್ತದೆ, ಮುಗಿಯುವ ರೀತಿಗೆ ಈಗಲೂ ವಾದವಿದೆ. ಅರ್ಲ್ ಆಗಾಗ ವೇಷ ಹಾಕುವ ನಾಟಕದ ಖಳನಂತೆ ಕಂಡರೂ ಗೂಬೆ ಗುಹೆಯ ಚಿತ್ರದಿಂದ ಕಥೆಗೆ ಮತ್ತೆ ದಾರಿ ಸಿಗುತ್ತದೆ. 28 ಮತ್ತು 29 ಒಂದೇ ರಾತ್ರಿ, 1991ರ ಜೂನ್ 10ರಂದು ಪ್ರಸಾರವಾದವು. ನೀವೂ ಹಾಗೇ ನೋಡಿ. 29ಕ್ಕೆ ಲಿಂಚ್ ಮರಳಿ ಬಂದು ಕೆಂಪು ಕೋಣೆಯ ಭಾಗದಲ್ಲಿ ಬರೆದುಕೊಟ್ಟದ್ದನ್ನು ಬಹುಪಾಲು ಬದಿಗಿಟ್ಟು ತಮ್ಮದೇ ರೀತಿಯಲ್ಲಿ ತೆಗೆದಿದ್ದಾರೆ.

ಹೊಸಬರಿಗೆ ಎರಡು ಎಚ್ಚರಿಕೆ. ಪೈಲಟ್‌ನ ಅಂತರರಾಷ್ಟ್ರೀಯ ಆವೃತ್ತಿ ಒಂದಿದೆ, ಅಮೆರಿಕದ ಆವೃತ್ತಿಗಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಕಥೆಯನ್ನು ಅಲ್ಲೇ ಮುಗಿಸಲು ಅಂಟಿಸಿದ ಅಂತ್ಯ ಅದರಲ್ಲಿದೆ. ಪೈಲಟ್ ಒಂದೂವರೆ ಗಂಟೆಗಿಂತ ತುಂಬಾ ಹೆಚ್ಚಿದ್ದರೆ ಅದು ತಪ್ಪು ಪ್ರತಿ. ಎರಡನೆಯದು, 1992ರ ಸಿನಿಮಾ ‘ಫೈರ್ ವಾಕ್ ವಿತ್ ಮಿ’ ಲಾರಾಳ ಕೊನೆಯ ದಿನಗಳ ಕಥೆಯಾದ್ದರಿಂದ ಮೊದಲು ನೋಡಬೇಕೆಂದು ಕೆಲವರು ಅಂದುಕೊಳ್ಳುತ್ತಾರೆ. ಮಾಡಬೇಡಿ, ಎಲ್ಲ ಬಯಲಾಗುತ್ತದೆ. 29ರ ನಂತರ ಸಿನಿಮಾ, ಆಮೇಲೆ 2017ರಲ್ಲಿ ಬಂದ ಮುಂದುವರಿಕೆಯ ಹದಿನೆಂಟು ಭಾಗ. ಸಿನಿಮಾ ಬಿಟ್ಟು 2017ಕ್ಕೆ ಹೋದರೆ ದಾರಿ ತಪ್ಪುತ್ತದೆ. ಅಲ್ಲಿ ಡಗಿ ಎಂಬ ಹೆಸರು ಕೇಳಿ ಎರಡನೇ ಸೀಸನ್‌ನಲ್ಲಿ ಮದುವೆಯಾದ ಡಗಿ ಮಿಲ್‌ಫರ್ಡ್‌ನನ್ನು ಹುಡುಕಲು ಹೋಗಬೇಡಿ, ಅವನು ಬೇರೆ, ಇವನು ಬೇರೆ.