ಕೌಂಟ್ ಎಲ್ಲಿ ಹೋದ?

ಓದುಗರ ಪತ್ರ: ‘ಬ್ರಾಮ್ ಸ್ಟೋಕರನ ಡ್ರಾಕುಲಾ ಕಾದಂಬರಿಯ ಮೊದಲ ನಾಲ್ಕು ಅಧ್ಯಾಯ ಮೈ ನಡುಗಿಸಿದವು. ಆಮೇಲೆ ಆ ರಕ್ತ ಹೀರುವ ಕೌಂಟ್ ಎಲ್ಲಿ ಹೋದ? ಉಳಿದದ್ದೆಲ್ಲ ದಿನಚರಿ, ಕಾಗದ, ತಂತಿ, ಪತ್ರಿಕೆಯ ತುಣುಕು. ಹೆದರಿಸಬೇಕಾದ ಪುಸ್ತಕ ಕಚೇರಿಯ ಕಡತದಂತಿದೆ. ಇದಕ್ಕಿಂತ ಸಿನಿಮಾ ವಾಸಿ.’ – ಓದುಗರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ:

ಮಾನ್ಯರೆ, ಪುಸ್ತಕವನ್ನು ಕೊನೆಯವರೆಗೆ ಓದಿ ಆಮೇಲೆ ಬೈದಿದ್ದೀರಿ. ಹಾಳೆ ತಿರುವದೆಯೇ ಹೊಗಳುವವರ ಕಾಗದಗಳನ್ನು ದಿನವೂ ಒಡೆಯುವ ನನಗೆ ಅದೇ ಒಂದು ಸಮಾಧಾನ. ನಿಮ್ಮ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. 27 ಅಧ್ಯಾಯಗಳ ಈ ಕಾದಂಬರಿಯಲ್ಲಿ ಪಿಶಾಚಿಯ ಬೆನ್ನಟ್ಟುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಉಪದೇಶಕ್ಕೆ ನಿಂತಾಗಲೆಲ್ಲ ನಾನೂ ಎರಡೆರಡು ಪುಟ ಹಾರಿಸಿದ್ದುಂಟು. ಕೌಂಟನಿಗೆ ಬಲಿಯಾಗುವ ಲೂಸಿಗೆ ಒಬ್ಬರಾದ ಮೇಲೊಬ್ಬರಂತೆ ನಾಲ್ವರು ಗಂಡಸರ ರಕ್ತ ಕೊಡಿಸುವುದನ್ನು ಓದಿದರೆ ಇಂದಿನ ವೈದ್ಯರು ನಕ್ಕಾರು. ಕಾದಂಬರಿ ಅಚ್ಚಾದದ್ದು 1897ರಲ್ಲಿ, ರಕ್ತದ ಗುಂಪುಗಳು ಪತ್ತೆಯಾದದ್ದು 1901ರಲ್ಲಿ ಎಂದು ನೆನೆದು ಅದನ್ನು ಮನ್ನಿಸೋಣ. ಇಷ್ಟು ನಿಮ್ಮ ಪಾಲಿಗೆ. ಆದರೆ ‘ಕಡತ’ ಎಂದು ನೀವು ಬೈಗುಳವಾಗಿ ಬಳಸಿದ ಮಾತೇ ನನ್ನ ದೃಷ್ಟಿಯಲ್ಲಿ ಈ ಪುಸ್ತಕಕ್ಕೆ ಸಲ್ಲಬೇಕಾದ ಬಿರುದು.

ಇಂಗ್ಲೆಂಡಿನ ಕಡಲ ದಡದ ಊರಾದ ವಿಟ್ಬಿಯ ಆ ರಾತ್ರಿಯನ್ನು ಮತ್ತೊಮ್ಮೆ ನೋಡಿ. ನಿದ್ದೆಗಣ್ಣಿನಲ್ಲೇ ಎದ್ದು ಚರ್ಚಿನ ಸ್ಮಶಾನದವರೆಗೆ ನಡೆದುಹೋದ ಲೂಸಿಯನ್ನು ಗೆಳತಿ ಮಿನಾ ಹುಡುಕಿ, ಚಳಿಯಾದೀತೆಂದು ಶಾಲು ಹೊದಿಸಿ, ಕೊರಳ ಬಳಿ ದೊಡ್ಡದೊಂದು ಪಿನ್ನು ಹಾಕಿ ಮನೆಗೆ ಕರೆತರುತ್ತಾಳೆ. ಬೆಳಗ್ಗೆ ನೋಡಿದರೆ ಲೂಸಿಯ ಕೊರಳಲ್ಲಿ ಎರಡು ಕೆಂಪು ಚುಕ್ಕೆ, ಅಂಗಿಯ ಪಟ್ಟಿಯ ಮೇಲೆ ಒಂದು ಹನಿ ರಕ್ತ. ಅಯ್ಯೋ, ನನ್ನ ಪಿನ್ನೇ ಚುಚ್ಚಿತಲ್ಲ ಎಂದು ಮಿನಾ ನೊಂದುಕೊಂಡು ದಿನಚರಿಯಲ್ಲಿ ಬರೆದಿಡುತ್ತಾಳೆ. ಅಲ್ಲಿ ಕೋರೆಹಲ್ಲಿಲ್ಲ, ಕಿರುಚಾಟವಿಲ್ಲ. ಒಳ್ಳೆಯ ಹೆಣ್ಣುಮಗಳೊಬ್ಬಳ ಪಶ್ಚಾತ್ತಾಪವಿದೆ, ಅಷ್ಟೆ. ಮೊದಲ ಅಧ್ಯಾಯಗಳಲ್ಲೇ ಟ್ರಾನ್ಸಿಲ್ವೇನಿಯದ ಕೌಂಟನ ಕೋಟೆಯನ್ನು ಹೊಕ್ಕು ಬಂದಿರುವ ನಮಗೆ ಅದು ಪಿನ್ನಲ್ಲವೆಂದು ಗೊತ್ತು; ಹೇಳೋಣವೆಂದರೆ ಕೇಳಿಸಿಕೊಳ್ಳುವವರು ಯಾರು? ಕೌಂಟ್ ಎಲ್ಲಿ ಹೋದ ಎಂದಿರಲ್ಲ, ಆ ಎರಡು ಚುಕ್ಕೆಗಳಲ್ಲಿದ್ದಾನೆ.

ಅದಕ್ಕೂ ಮೊದಲು ಅವನು ತನ್ನನ್ನು ಇಂಗ್ಲೆಂಡಿಗೆ ಹೊತ್ತು ತಂದ ಡಿಮೀಟರ್ ಹಡಗಿನ ದಾಖಲೆ ಪುಸ್ತಕದಲ್ಲಿದ್ದ. 1885ರಲ್ಲಿ ನಾರ್ವಾ ಬಂದರಿನ ದಿಮಿತ್ರಿ ಎಂಬ ಹಡಗು ವಿಟ್ಬಿಯ ದಡಕ್ಕೆ ಬಡಿದು ಹಾಳಾಗಿತ್ತು. ಐದು ವರ್ಷಗಳ ಮೇಲೆ ಆ ಊರಿಗೆ ಬಂದ ಸ್ಟೋಕರ್ ಅದರ ವಿವರಗಳನ್ನು ಬರೆದುಕೊಂಡ; ನಾರ್ವಾದ ಅಕ್ಷರಗಳನ್ನು ಅದಲು ಬದಲು ಮಾಡಿ ಬಲ್ಗೇರಿಯದ ವಾರ್ನಾ ಬಂದರಿನಿಂದ ತನ್ನ ಹಡಗನ್ನು ಹೊರಡಿಸಿದ. ಒಬ್ಬ ನಾವಿಕ ಕಾಣೆ, ಕೆಲವು ದಿನಗಳ ಮೇಲೆ ಇನ್ನೊಬ್ಬ ಕಾಣೆ ಎಂದು ಕಪ್ತಾನ ಅಂಗಡಿಯ ಲೆಕ್ಕದಷ್ಟು ಒಣ ಮಾತಿನಲ್ಲಿ ಬರೆಯುತ್ತಾ ಹೋಗುತ್ತಾನೆ. ಕೊನೆಗೆ ಹಡಗು ದಡ ಸೇರಿದಾಗ ಅವನ ಹೆಣದ ಕೈಗಳು ಚುಕ್ಕಾಣಿಗೆ ಕಟ್ಟಿಕೊಂಡಿರುತ್ತವೆ.

ಸ್ಟೋಕರ್ ಲಂಡನ್ನಿನ ಲೈಸಿಯಂ ರಂಗಮಂದಿರದ ವ್ಯವಸ್ಥಾಪಕನಾಗಿದ್ದವನು, ನಟ ಹೆನ್ರಿ ಇರ್ವಿಂಗನ ಪರವಾಗಿ ಕಾಗದ ಬರೆದು ಬರೆದು ಕೈ ಸವೆಸಿದವನು. ಆದ್ದರಿಂದಲೇ ಅವನ ಕಥೆಯಲ್ಲಿ ನಿಜವಾದ ವೀರರು ಈಟಿ ಹಿಡಿದವರಲ್ಲ, ಶೀಘ್ರಲಿಪಿಯನ್ನೂ ಟೈಪನ್ನೂ ಕಲಿತ ಮಿನಾ. ಎಲ್ಲರ ದಿನಚರಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಮೂರು ಪ್ರತಿ ತೆಗೆಯುವವಳು ಅವಳು. ಕೌಂಟ್ ಅವಳ ಜೊತೆಗಾರನಾದ ವೈದ್ಯ ಸೀವರ್ಡನ ಕೋಣೆಗೆ ನುಗ್ಗಿ ಮೊದಲು ಮಾಡುವ ಕೆಲಸ ಯಾವುದು, ನೆನಪಿದೆಯೆ? ಆ ಕಾಗದಗಳನ್ನು ಬೆಂಕಿಗೆ ಹಾಕುತ್ತಾನೆ, ಧ್ವನಿಮುದ್ರಣದ ಮೇಣದ ಉರುಳೆಗಳನ್ನೂ ಎಸೆಯುತ್ತಾನೆ. ಮೇಣ ಬಿದ್ದು ಉರಿ ಏಳುತ್ತದೆ. ಆದರೆ ಇನ್ನೊಂದು ಪ್ರತಿ ತಿಜೋರಿಯಲ್ಲಿದೆ! ಶತಮಾನಗಳ ಪಿಶಾಚಿ ಅಂಜಿದ್ದು ಕಡತಕ್ಕೆ, ಸ್ವಾಮಿ. ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳಿಸಿದವರಿಗೆ ಇದು ಬೇಗ ಅರ್ಥವಾಗಬೇಕು.

ನಿಮ್ಮನ್ನೊಬ್ಬರನ್ನೇ ದೂರುವುದೂ ಸರಿಯಲ್ಲ. ಹೈಸ್ಕೂಲಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ಬಾಡಿಗೆ ಪುಸ್ತಕದಂಗಡಿಯ ನೂರು ಪುಟದ ಸಂಗ್ರಹ. ಹಡಗಿನ ದಾಖಲೆಯೂ ಇಲ್ಲ, ಪಿನ್ನೂ ಇಲ್ಲ. ಕೋಟೆ, ಹಲ್ಲು, ಓಟ, ಇಷ್ಟೇ. ಹತ್ತು ವರ್ಷ ಅದನ್ನೇ ಕಾದಂಬರಿಯೆಂದು ನಂಬಿ ಗೆಳೆಯರೆದುರು ಅಭಿಪ್ರಾಯಗಳನ್ನು ಬೇರೆ ಹಂಚಿದೆ. ಸಿನಿಮಾ ಇನ್ನೂ ಒಂದು ಹೆಜ್ಜೆ ಮುಂದೆ. ಬಿಸಿಲು ಬಿದ್ದರೆ ಪಿಶಾಚಿ ಸಾಯುತ್ತದೆಂಬುದು 1922ರ ಜರ್ಮನ್ ಮೂಕಿಚಿತ್ರದ ಕಾಣಿಕೆ. ಸ್ಟೋಕರನ ಕೌಂಟ್ ಹಗಲಿನಲ್ಲಿಯೇ ಲಂಡನ್ನಿನ ಪಿಕಡಿಲಿಯಲ್ಲಿ ನಿಂತು ಸುಂದರಿಯೊಬ್ಬಳನ್ನು ದಿಟ್ಟಿಸುತ್ತಾನೆ. ಇದರ ಫಲ ನನ್ನ ಮೇಜಿನ ಮೇಲಿದೆ. ಈಚೆಗೆ ಬರುವ ಭಯಾನಕ ಕಥೆಗಳಲ್ಲಿ ಮೊದಲ ಸಾಲಿಗೇ ಬಾಗಿಲು ಕಿರ್ರೆನ್ನುತ್ತದೆ, ಎರಡನೆಯ ಸಾಲಿಗೆ ದೆವ್ವ ಕೂದಲು ಕೆದರಿ ನಿಂತಿರುತ್ತದೆ, ಮೂರನೆಯ ಸಾಲಿನಿಂದ ಕಥೆಗಾರರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಪಿನ್ನು ಹಾಕುವಷ್ಟು ವ್ಯವಧಾನ ಇವರಲ್ಲಿ ಒಬ್ಬರಿಗಾದರೂ ಇದ್ದಿದ್ದರೆ ಮುಂದಿನ ಸಂಚಿಕೆಯ ಎಂಟು ಪುಟ ಖಾಲಿ ಉಳಿಯುತ್ತಿರಲಿಲ್ಲ.

ನೀವು ಏಳನೆಯ ಮತ್ತು ಎಂಟನೆಯ ಅಧ್ಯಾಯಗಳನ್ನು ಇನ್ನೊಮ್ಮೆ, ಅವಸರವಿಲ್ಲದ ಒಂದು ರಾತ್ರಿ ಓದಿ ನನಗೆ ಬರೆಯಿರಿ. ಬೈದರೂ ಅಡ್ಡಿಯಿಲ್ಲ. ಪತ್ರದ ಒಂದು ಪ್ರತಿ ಮಾತ್ರ ನಿಮ್ಮ ಬಳಿಯೂ ಇರಲಿ.