ಕ್ರಿಸ್‌ಮಸ್ ಗಿಡ ನೀರು ಕುಡಿಯದಿದ್ರ

ಬೆಳಗಾವಿ ಕ್ಯಾಂಪಿನ ಮನಿಯಾಗ ಸೈಪ್ರಸ್ ಗಿಡ ತಂದಿಟ್ಟು ನಾಲ್ಕೇ ದಿನಕ್ಕ ಎಲಿ ಉದುರಾಕತ್ತಾವ, ಬಕೆಟ್ಟಿನ ನೀರು ಮಾತ್ರ ಇಳಿದಿಲ್ಲ ಅಂತ ಬರ್ದೀರಿ. ಆ ಇಳಿಯದ ನೀರಿನಾಗ ಉತ್ತರ ಐತ್ರಿ. ಕಡಿದ ಬುಡ ಕೆಲವು ತಾಸು ಹೊರಗ ಇದ್ರ ಅಂಟು ಕಟ್ಟಿ ನೀರಿನ ದಾರಿ ಮುಚ್ಚತೈತಿ.

ಗಿಡ ತೆಗೆದು ಬುಡದಿಂದ ಒಂದಿಂಚು ಗರಗಸದಿಂದ ನೇರ ಅಡ್ಡಕ್ಕ ಕೊಯ್ರಿ. ಓರೆ ಕೊಯ್ದ್ರ ನೀರು ಹೆಚ್ಚೇನೂ ಏರಂಗಿಲ್ಲ, ಗಿಡ ನಿಲ್ಲೂದಷ್ಟ ಕಷ್ಟ. ಕೊಯ್ದ ಕೂಡಲೇ ನೀರಿಗಿಡ್ರಿ. ಬಕೆಟ್ಟಿಗೆ ಹೊಂದಲಿ ಅಂತ ತೊಗಟಿ ಕೆತ್ತಬ್ಯಾಡ್ರಿ, ನೀರು ಏರೂದು ತೊಗಟಿ ಕೆಳಗಿನ ಕಟ್ಟಿಗಿಯ ಹೊರಪದರದಾಗ.

ಕಾಂಡದ ದಪ್ಪ ಇಂಚಿಗೆ ದಿನಕ್ಕ ಸುಮಾರು 1 ಲೀಟರ್ ಲೆಕ್ಕ. 3 ಇಂಚಿದ್ರ 3 ಲೀಟರ್. ಉಸುಕು ತುಂಬಿದ್ರ ನೀರಿಗೆ ಜಾಗ ಉಳಿಯಂಗಿಲ್ಲ, ಮುಷ್ಟಿಗಾತ್ರದ ಕಲ್ಲು ಹಾಕಿ ಬಿಗಿ ಮಾಡ್ರಿ. ಬುಡ ಕೆಲವು ತಾಸು ನೀರಿನಿಂದ ಮ್ಯಾಲೆ ಉಳೀತಂದ್ರ ಮತ್ತ ಕೊಯ್ಯೂದ ಗತಿ. ಸಕ್ಕರಿ, ಆಸ್ಪಿರಿನ್ ಎಲ್ಲಾ ಸುಮ್ನ. ನಳದ ನೀರು ಸಾಕು.

ಫ್ಯಾನಿನ ಕೆಳಗ, ಬಿಸಿಲು ಬೀಳೂ ಕಿಡಕಿ ಹತ್ರ ಬ್ಯಾಡ. ದೀಪ ಎಲ್‌ಇಡಿನ ಇರಲಿ, ಹಳೇ ಬಲ್ಬಿನ ಸರ ಬಿಸಿಯಾಗತೈತಿ. ಟೊಂಗಿ ಬಗ್ಗಿಸಿದಾಗ ಪಟಪಟ ಮುರೀತಂದ್ರ ದೀಪ ಬಿಚ್ಚಿ ಗಿಡ ಹೊರಗ ಹಾಕ್ರಿ, ಒಣಗಿದ್ದಕ್ಕ ಬೆಂಕಿ ಹತ್ತೂದು ಭಾಳ ಜಲ್ದಿ.