ತುಪ್ಪ ಬಿಡಿಸಿದರೂ ಡಯಾಲಿಸಿಸ್‌ನಲ್ಲಿರುವ ಅಪ್ಪನ ಟ್ರೈಗ್ಲಿಸರೈಡ್ ಏಕೆ ಇಳಿಯುತ್ತಿಲ್ಲ?

ಅಪ್ಪನಿಗೆ ಎಂಟು ತಿಂಗಳ ಡಯಾಲಿಸಿಸ್, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 270, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 30, ಒಟ್ಟು ಕೊಲೆಸ್ಟರಾಲ್ ಮಾತ್ರ 140 ಎಂದು ಬರೆದಿದ್ದೀರಿ. ಡಾಕ್ಟರು ಕೊಬ್ಬಿಳಿಸುವ ಮಾತ್ರೆ ಬರೆದುಕೊಡಲಿಲ್ಲ ಎಂಬ ಸಿಟ್ಟೂ ಇದೆ. ನಾನು ವೈದ್ಯನಲ್ಲ. ಆರು ವರ್ಷದಿಂದ ವಾರಕ್ಕೆ ಮೂರು ಸಲ ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು, ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಹೋಗುವವನು. ನನ್ನ ವರದಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ.

ಯಂತ್ರ ರಕ್ತ ತೊಳೆಯುವಾಗ ಕೊಬ್ಬೂ ಹೋಗಬೇಕಲ್ಲವೇ ಎಂದು ಒಮ್ಮೆ ಕೇಳಿದ್ದೆ. ಹೋಗುವುದಿಲ್ಲ. ಯೂರಿಯಾ, ಪೊಟ್ಯಾಸಿಯಂ ಫಿಲ್ಟರಿನಲ್ಲಿ ನುಸುಳುತ್ತವೆ. ಪ್ರೋಟೀನಿನೊಡನೆ ಸೇರಿ ದಪ್ಪ ಕಣವಾಗಿರುವ ಕೊಬ್ಬು ಒಳಗೇ ಉಳಿಯುತ್ತದೆ. ಅದನ್ನು ಒಡೆಯಬೇಕಾದದ್ದು ರಕ್ತನಾಳದ ಒಳಗೋಡೆಯಲ್ಲಿರುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ. ಕಿಡ್ನಿ ಸೋತವರಲ್ಲಿ ಅದು ಮಂದವಾಗುತ್ತದೆ, ಅದಕ್ಕೆ ಅಡ್ಡಗಾಲು ಹಾಕುವ ಅಪೊ ಸಿ-3 ಎಂಬ ಪ್ರೋಟೀನು ಹೆಚ್ಚುತ್ತದೆ. ಹಾಗಾಗಿ ತುಪ್ಪ ಬಿಟ್ಟ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ.

ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಡುವ ಹೆಪಾರಿನ್ ಆ ಕಿಣ್ವವನ್ನು ಗೋಡೆಯಿಂದ ಬಿಡಿಸಿ ರಕ್ತಕ್ಕೆ ಬಿಡುತ್ತದೆ, ಅಷ್ಟು ಹೊತ್ತು ಟ್ರೈಗ್ಲಿಸರೈಡ್ ಕಡಿಮೆ ಕಾಣುತ್ತದೆ. ಆದ್ದರಿಂದ ಪರೀಕ್ಷೆಯ ರಕ್ತವನ್ನು ಯಂತ್ರಕ್ಕೆ ಹಾಕುವ ಮುಂಚೆಯೇ, ಖಾಲಿ ಹೊಟ್ಟೆಯಲ್ಲಿ ತೆಗೆಸಿ. ನನ್ನದನ್ನು ಒಮ್ಮೆ ನಡುವೆ ತೆಗೆದರು. ಟ್ರೈಗ್ಲಿಸರೈಡ್ ಇಳಿಯಿತೆಂದು ಮನೆಯಲ್ಲಿ ಹೋಳಿಗೆಯೇ ಆಯಿತು!

ಇನ್ನು ಮಾತ್ರೆ. ಜರ್ಮನಿಯಲ್ಲಿ ಸಕ್ಕರೆ ಕಾಯಿಲೆಯೂ ಇದ್ದ 1,255 ಡಯಾಲಿಸಿಸ್ ರೋಗಿಗಳ ಮೇಲೆ ಸ್ಟಾಟಿನ್ ಎಂಬ ಕೊಲೆಸ್ಟರಾಲ್ ಇಳಿಸುವ ಮಾತ್ರೆಗಳಲ್ಲೊಂದಾದ ಅಟೋರ್ವಾಸ್ಟಾಟಿನ್ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಚೆನ್ನಾಗಿ ಇಳಿಯಿತು, ಹೃದಯಾಘಾತ ಮತ್ತು ಸಾವುಗಳ ಲೆಕ್ಕ ಗಮನಾರ್ಹವಾಗಿ ಇಳಿಯಲಿಲ್ಲ. 2009ರಲ್ಲಿ ರೊಸುವಾಸ್ಟಾಟಿನ್‌ನದೂ ಅದೇ ಕಥೆ. ಹೀಗಾಗಿ 2013ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಸ್ಟಾಟಿನ್ ಆರಂಭಿಸುವುದು ಬೇಡ, ಮೊದಲಿನಿಂದ ನುಂಗುತ್ತಿದ್ದವರು ಮುಂದುವರಿಸಲಿ ಎನ್ನುತ್ತದೆ. ನಿಮ್ಮ ಡಾಕ್ಟರು ಮರೆತಿರಲಾರರು.

ನಾನಾಗಿದ್ದರೆ ಆ 140ರ ಮೇಲೆ ಕಣ್ಣಿಡುತ್ತಿದ್ದೆ. ನಮ್ಮಂಥವರಲ್ಲಿ ಕೊಲೆಸ್ಟರಾಲ್ ತಾನಾಗಿ ಇಳಿಯುತ್ತಾ ಹೋದರೆ ಅದು ಅನೇಕ ಸಲ ಊಟ ಸಾಲದಿರುವುದರ, ಇಲ್ಲವೇ ಒಳಗಿನ ಉರಿಯೂತದ ಗುರುತು. ಮೊದಲ ವರ್ಷ ನಾನು ಎಣ್ಣೆ ಬಿಟ್ಟು ಗಂಜಿ ಕುಡಿದುಕೊಂಡೇ ಆರು ಕಿಲೋ ಕರಗಿದ್ದೆ. ಕೊಲೆಸ್ಟರಾಲ್ ಚೆಂದವಾಗಿತ್ತು, ರಕ್ತದ ಪ್ರೋಟೀನಾದ ಆಲ್ಬುಮಿನ್ ನೆಲಕಚ್ಚಿತ್ತು. ಆಹಾರತಜ್ಞೆ ಬೈದು ಮೊಟ್ಟೆಯ ಬಿಳಿಭಾಗ ಶುರುಮಾಡಿಸಿದರು, ಅಕ್ಕಿರೊಟ್ಟಿಗೆ ಎಣ್ಣೆ ವಾಪಸ್ ಬಂತು, ಕಾಫಿಯ ಸಕ್ಕರೆ ಹೋಯಿತು. ಅಪ್ಪನ ಆಲ್ಬುಮಿನ್ ಎಷ್ಟು, ಒಣತೂಕ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ಇಳಿಯುತ್ತಿದೆಯೇ ಎಂದು ಮುಂದಿನ ಸಲ ಕೇಳಿ.

ಕೊಬ್ಬು ಕರಗಲು ದಾರೆಹುಳಿ ರಸ ಕುಡಿಸಿ ಎಂದು ಊರಿನಲ್ಲಿ ಯಾರಾದರೂ ಹೇಳಿಯಾರು. ಬೇಡವೇ ಬೇಡ. ಆ ಹಣ್ಣಿನ ವಿಷವನ್ನು ಸೋತ ಕಿಡ್ನಿ ಹೊರಹಾಕಲಾರದು. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್, ಸಾವಿನವರೆಗೂ ಹೋಗಬಹುದು. ನಮ್ಮ ಹಿತ್ತಲಲ್ಲೂ ಒಂದು ಮರವಿದೆ, ಹಣ್ಣೆಲ್ಲ ಈಗ ಪಕ್ಕದ ಮನೆಯ ಮಕ್ಕಳಿಗೆ.